ಮಗುಚಿದರೆ ಏನು ಮಾಡುವುದು?

ಪ್ರಿಯ ಗೆಳೆಯಾ,

ನಾರ್ವೆಯ ಉತ್ತರಕ್ಕಿರುವ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಕಯಾಕ್ ಎಂಬ ಕಿರಿದಾದ ಹುಟ್ಟುದೋಣಿ ನಡೆಸಿದೆ ಎಂದಾಗ ನೀನು ಕೇಳಿದ್ದು ಒಂದೇ ಮಾತು: "ಮಗುಚಿದರೆ?" ಫೋನಿನಲ್ಲಿ ಸರಿಯಾಗಿ ಉತ್ತರಿಸಲಾಗಲಿಲ್ಲ. ಚಿಕ್ಕಂದಿನಲ್ಲಿ ನೀನು ಶರಾವತಿಯ ಮಡುವಿನಲ್ಲಿ ಮುಳುಗಿ ಎದ್ದಾಗ ದಂಡೆಯ ಮೇಲೆ ನಿಂತು ನೋಡಿದವನು ನಾನು. ಅದಕ್ಕೇ ಈ ಪತ್ರ.

ನಮ್ಮ ಮಾರ್ಗದರ್ಶಿಯೂ ಪಾಠವನ್ನು ಅಲ್ಲಿಂದಲೇ ಶುರು ಮಾಡಿದಳು. ಹುಟ್ಟು ಹಿಡಿಯುವುದನ್ನು ಹೇಳಿಕೊಡುವ ಮೊದಲೇ ದೋಣಿಯಿಂದ ಹೊರಬರುವುದನ್ನು ಕಲಿಸಿದಳು. ಕಯಾಕಿನಲ್ಲಿ ಕೂತ ಮೇಲೆ ಸೊಂಟಕ್ಕೆ ಕಟ್ಟಿದ ಲಂಗದಂತಹ ಹೊದಿಕೆಯನ್ನು ದೋಣಿಯ ಬಾಯಿಗೆ ಬಿಗಿಯಾಗಿ ಸಿಕ್ಕಿಸುತ್ತಾರೆ, ನೀರು ಒಳಗೆ ಬಾರದಿರಲೆಂದು. ಅದರ ಮುಂದುಗಡೆ ಬೆರಳು ತೂರುವಷ್ಟು ಅಗಲದ ಪಟ್ಟಿಯ ಕುಣಿಕೆಯೊಂದಿದೆ. ಮಗುಚಿದರೆ ಮುಂದಕ್ಕೆ ಬಾಗು, ಕುಣಿಕೆ ಹುಡುಕು, ಎಳೆ, ಸೊಂಟ ಬಿಡಿಸಿಕೊಂಡು ಹೊರಗೆ ಬಾ, ದೋಣಿಯನ್ನು ಮಾತ್ರ ಬಿಡಬೇಡ. ದಡದ ಕಲ್ಲುಗಳ ಮೇಲೆ ದೋಣಿಯಿಟ್ಟು, ಕಣ್ಣು ಮುಚ್ಚಿಸಿ, ಇದನ್ನು ಮತ್ತೆ ಮತ್ತೆ ಮಾಡಿಸಿದಳು. ಇಷ್ಟು ಒಳ್ಳೆಯ ಪಾಠ ನನಗೆ ಯಾವ ತರಗತಿಯಲ್ಲೂ ಸಿಕ್ಕಿರಲಿಲ್ಲ.

ಅಲ್ಲಿ ಅಲೆಗಿಂತ ಹೆಚ್ಚು ಹೆದರಬೇಕಾದದ್ದು ಚಳಿಗೆ. ಜುಲೈನಲ್ಲೂ ನೀರು ಕೆಲವೇ ಡಿಗ್ರಿಗಳಷ್ಟು. ಅಂಥ ನೀರಿಗೆ ಬಿದ್ದಾಗ ಮೊದಲ ಒಂದು ನಿಮಿಷ ಉಸಿರು ಕೈಮೀರಿ ಏದುತ್ತದೆ. ಅದನ್ನು ಹತೋಟಿಗೆ ತಂದುಕೊಳ್ಳಬೇಕು. ಆಮೇಲೆ ಸುಮಾರು 10 ನಿಮಿಷ ಕೈಕಾಲು ಮಾತು ಕೇಳುತ್ತವೆ. ಮೈಯ ಶಾಖ ಇಳಿದು ಪ್ರಜ್ಞೆ ತಪ್ಪಲು ಇನ್ನೂ ಹೊತ್ತಿದೆ, ಹೆಚ್ಚುಕಡಿಮೆ ಒಂದು ಗಂಟೆ. ಇದು ಬರಿಯ ಬಟ್ಟೆಯಲ್ಲಿ ಬಿದ್ದವರ ಲೆಕ್ಕ. ನಮಗೆ ತೊಡಿಸಿದ್ದು ನೀರು ನುಸುಳದ ಇಡೀ ಮೈಯ ಉಡುಪು. ಕತ್ತು, ಮಣಿಕಟ್ಟುಗಳಲ್ಲಿ ರಬ್ಬರಿನ ಪಟ್ಟಿ ಎಷ್ಟು ಬಿಗಿಯೆಂದರೆ, ತಲೆ ತೂರಿಸುವಾಗ ಕಿವಿ ಕಿತ್ತುಬಂದಂತಾಯಿತು. ಅದರ ಮೇಲೆ ಲೈಫ್ ಜಾಕೆಟ್.

ಹೊರಟದ್ದು ಲಾಂಗ್‌ಇಯರ್‌ಬೈನ್ ಊರಿನ ದಡದಿಂದ, 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ರಾತ್ರಿ ಊಟದ ಹೊತ್ತಿಗೆ. ಸೂರ್ಯ ಆಗಸ್ಟಿನ ಕೊನೆಯ ಭಾಗದವರೆಗೂ ಮುಳುಗುವುದಿಲ್ಲ. ನಾವು ದಾಟಬೇಕಿದ್ದ ಅಡ್ವೆಂಟ್ ಫಿಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳಚಾಚಿದ ಸಮುದ್ರದ ತೋಳು, ಸುಮಾರು 7 ಕಿಲೋಮೀಟರ್ ಉದ್ದ. ಎದುರು ದಡ ಕೈಗೆ ಸಿಗುವಷ್ಟು ಹತ್ತಿರ ಕಂಡರೂ ಎಷ್ಟು ಹುಟ್ಟು ಹಾಕಿದರೂ ಬರಲೊಲ್ಲದು. ಚಿತ್ರಗಳಲ್ಲಿರುವ ನೀಲಿ ನೀರೂ ಅಲ್ಲ. ಹಿಮನದಿಗಳು ಅರೆದ ಮಣ್ಣನ್ನು ನದಿ ತಂದು ಸುರಿಯುವುದರಿಂದ ನಮ್ಮ ಮಳೆಗಾಲದ ಹೊಳೆಯಂತೆಯೇ ಕೆಂಪು ಕಂದು. ಅದನ್ನು ಕಂಡು ನನಗೆ ಅದೇಕೋ ಧೈರ್ಯ ಬಂತು.

ಹೊಸಬರಿಗೆ ಇಬ್ಬರ ದೋಣಿ. ಹಿಂದೆ ಕೂತವನ ಕಾಲಡಿಯ ಪೆಡಲಿನಲ್ಲಿ ಚುಕ್ಕಾಣಿ. ತೋಳಿನಿಂದ ಎಳೆದರೆ ಅರ್ಧ ಗಂಟೆಯಲ್ಲಿ ಸೋಲುತ್ತೀಯ. ಸೊಂಟದಿಂದ ಮೇಲೆ ಇಡೀ ಮೈ ತಿರುಗಬೇಕು. ನಡುನೀರಿನಲ್ಲಿ ಗಾಳಿ ಎದ್ದು, ಅಲೆ ಅಡ್ಡಕ್ಕೆ ಬಡಿದಾಗ ನನ್ನ ಎಡಗೈ ಹುಟ್ಟು ಬಿಟ್ಟು ತಾನಾಗಿ ಕುಣಿಕೆಗೆ ಹೋಯಿತು. ಮಾರ್ಗದರ್ಶಿ ಪಕ್ಕಕ್ಕೆ ಬಂದು, "ಹುಟ್ಟು ನೀರಿನಲ್ಲಿದ್ದಷ್ಟು ಹೊತ್ತು ದೋಣಿ ಮಗುಚದೆ ನಿಲ್ಲುತ್ತದೆ" ಎಂದಳು. ಫುಲ್ಮಾರ್ ಹಕ್ಕಿಯೊಂದು ರೆಕ್ಕೆ ಅಲುಗಿಸದೆ ಅಲೆಗೆ ತಾಗಿಯೂ ತಾಗದಂತೆ ಜೊತೆಯಲ್ಲೇ ಬರುತ್ತಿತ್ತು. ನೋಡುತ್ತ ನೋಡುತ್ತ ಹುಟ್ಟು ಹಾಕಿದೆ. ದಡ ಮುಟ್ಟುವವರೆಗೂ ಕುಣಿಕೆಯ ನೆನಪೇ ಬರಲಿಲ್ಲ.

ಅಲ್ಲಿರುವುದು ಯೋರ್ಟ್‌ಹಾಮ್ನ್, ಕಲ್ಲಿದ್ದಲಿಗಾಗಿ ಕಟ್ಟಿ ಬಿಟ್ಟುಹೋದ ನೆಲೆ. ಮಾರ್ಗದರ್ಶಿ ಮೊದಲು ತಾನೊಬ್ಬಳೇ ಇಳಿದು, ಹೆಗಲಿಗೆ ಬಂದೂಕು ಹಾಕಿ, ದುರ್ಬೀನಿನಲ್ಲಿ ಇಡೀ ಇಳಿಜಾರು ನೋಡಿದಳು. ಹಿಮಕರಡಿಯ ಸುಳಿವಿಲ್ಲ ಎಂದು ಖಾತ್ರಿಯಾದ ಮೇಲೆಯೇ ನಮ್ಮನ್ನು ಕರೆದಳು. ತುಕ್ಕು ಹಿಡಿದ ಮೊಳೆಯನ್ನೂ ಮುಟ್ಟಬಾರದು. 1946ಕ್ಕಿಂತ ಹಿಂದಿನ ಮನುಷ್ಯರ ಕುರುಹುಗಳೆಲ್ಲ ಅಲ್ಲಿ ಕಾನೂನಿನ ರಕ್ಷಣೆಯಲ್ಲಿವೆ.

ನೀನು ಬರಲೇಬೇಕು. ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಮೈಯ ಶಾಖವನ್ನೆಲ್ಲ ಹೀರಿಬಿಡುತ್ತದೆ. ಉಣ್ಣೆಯ ಒಳಉಡುಪು ಎರಡು ಜೊತೆ ತಾ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದಲ್ಲಿ ನಾರ್ವೆ ಇದ್ದರೂ ಸ್ವಾಲ್ಬಾರ್ಡ್ ಅದರ ಹೊರಗಿದೆ, ಅಲ್ಲಿಂದ ನಾರ್ವೆಯ ರಾಜಧಾನಿ ಓಸ್ಲೋಗೆ ಮರಳುವುದು ಎರಡನೆಯ ಪ್ರವೇಶವಾಗುತ್ತದೆ. ಆದ್ದರಿಂದ ವೀಸಾ ಅರ್ಜಿಯಲ್ಲಿ ಮರೆಯದೆ ಎರಡು ಪ್ರವೇಶ ಕೇಳು. ಇಬ್ಬರ ದೋಣಿಯಲ್ಲಿ ಮುಂದಿನ ಜಾಗ ನಿನ್ನದು, ಚುಕ್ಕಾಣಿ ನಾನು ನೋಡಿಕೊಳ್ಳುತ್ತೇನೆ.

ಇಂತಿ ನಿನ್ನ ಗೆಳೆಯ