ಚಿಕ್ಕಪ್ಪನ ಆಪರೇಷನ್ನಿಗೆ ಕಂಪನಿಯ ಹಣ ಏಕೆ ಬೇಡ

ನ್ಯೂಜೆರ್ಸಿ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗ ಶ್ರೀಧರ ಮಾಡುವ ನಮಸ್ಕಾರಗಳು. ನಾವು ಮೂವರೂ ಕ್ಷೇಮ. ಅಮ್ಮನಿಗೂ ಅಜ್ಜಿಗೂ ನಮಸ್ಕಾರ ತಿಳಿಸಿ.

ನಿಮ್ಮ ಪತ್ರ ಮೊನ್ನೆ ಕೈಸೇರಿತು. ಚಿಕ್ಕಪ್ಪನ ಬೈಪಾಸ್ ಆಪರೇಷನ್ನಿಗೆ ಮುಂದಿನ ತಿಂಗಳು ದಿನ ಗೊತ್ತಾದದ್ದನ್ನು ಓದಿ ಸಮಾಧಾನವಾಯಿತು. ಆದರೆ ಅದರ ಕೆಳಗೆ ನೀವು ಬರೆದ ಮಾತು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿದೆ. ದಾರಿಹೋಕರ ಹಸಿವಿಗೆ ಕೊಡುವ ಮಗ ತನ್ನ ಫೀಸು ಕಟ್ಟಿ ಓದಿಸಿದ ಚಿಕ್ಕಪ್ಪನ ವಿಷಯದಲ್ಲಿ ಲೆಕ್ಕ ನೋಡುತ್ತಿದ್ದಾನೆ ಎಂದು ನಿಮಗೆ ಅನ್ನಿಸಿದೆ. ಫೋನಿನಲ್ಲಿ ಇದನ್ನು ಬಿಡಿಸಿ ಹೇಳಲು ನನ್ನಿಂದ ಆಗದು, ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಮೊದಲಿಗೆ, ನೀವು ಸೂಚಿಸಿದ ಉಪಾಯವನ್ನು ನಾನು ಸರಿಯಾಗಿ ಅರ್ಥಮಾಡಿಕೊಂಡಿದ್ದೇನೆಯೇ ನೋಡಿ. ನಾನು ಆಸ್ಪತ್ರೆಯ ಟ್ರಸ್ಟಿಗೆ 5,000 ಡಾಲರ್ ದಾನವೆಂದು ಕೊಡಬೇಕು, ನಮ್ಮ ಕಂಪನಿ ತನ್ನ ಪದ್ಧತಿಯಂತೆ ಅದಕ್ಕೆ ಇನ್ನೊಂದು 5,000 ಸೇರಿಸಬೇಕು, ಟ್ರಸ್ಟಿನವರು ಆ 10,000ವನ್ನು ಚಿಕ್ಕಪ್ಪನ ಬಿಲ್ಲಿನಲ್ಲಿ ವಜಾ ಮಾಡಿಕೊಳ್ಳಬೇಕು. ಚಿಕ್ಕಮ್ಮನ ತಮ್ಮನಿಗೆ ಅಲ್ಲಿನ ಗುಮಾಸ್ತರೊಬ್ಬರು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ ಎಂದು ಬರೆದಿದ್ದೀರಿ. ಅಪ್ಪ, ಇದನ್ನು ನಾನು ಮಾಡಲಾರೆ. ಹಣದ ಮೇಲಿನ ಆಸೆಯಿಂದ ಈ ಮಾತು ಬಂದಿಲ್ಲವೆಂದು ದಯವಿಟ್ಟು ನಂಬಿ.

ಈ ಏರ್ಪಾಡನ್ನು ಇಲ್ಲಿನವರು ಮ್ಯಾಚಿಂಗ್ ಎನ್ನುತ್ತಾರೆ. ನೌಕರನು ನೋಂದಾಯಿತ ಧರ್ಮಸಂಸ್ಥೆಯೊಂದಕ್ಕೆ ತನ್ನ ಸ್ವಂತ ಹಣ ಕೊಟ್ಟು ರಸೀದಿಯನ್ನು ಕಂಪನಿಗೆ ಒಪ್ಪಿಸುತ್ತಾನೆ, ಕಂಪನಿಯು ಆ ಸಂಸ್ಥೆಯನ್ನು ವಿಚಾರಿಸಿ, ಹಣ ತಲುಪಿದ್ದು ನಿಜವೆಂದು ಖಾತ್ರಿಯಾದ ಮೇಲೆ, ಕೆಲವು ವಾರಗಳಲ್ಲಿ ಅಷ್ಟೇ ಮೊತ್ತವನ್ನು ತನ್ನ ಕಡೆಯಿಂದ ಕಳಿಸುತ್ತದೆ. ವರ್ಷಕ್ಕೆ ಇಷ್ಟೇ ಎಂಬ ಮಿತಿ ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ. ಮೈಕ್ರೋಸಾಫ್ಟ್ ಕಂಪನಿ 1983ರಿಂದಲೂ ಇದನ್ನು ನಡೆಸಿಕೊಂಡು ಬಂದಿದೆ, ಅಲ್ಲಿ ಒಬ್ಬ ನೌಕರನ ಪಾಲಿಗೆ ವರ್ಷಕ್ಕೆ 15,000 ಡಾಲರಿನವರೆಗೂ ಸೇರಿಸುತ್ತಾರೆ. ಹಣವಿಲ್ಲದವನು ದುಡಿದರೂ ಆಗುತ್ತದೆ: ಶನಿವಾರಗಳಲ್ಲಿ ನಾನು ಬಡವರಿಗೆ ಆಹಾರ ಹಂಚುವ ಇಲ್ಲಿನ ಫುಡ್ ಬ್ಯಾಂಕಿನಲ್ಲಿ ಡಬ್ಬಿಗಳನ್ನು ವಿಂಗಡಿಸುವ ಕೆಲಸಕ್ಕೆ ಹೋಗುತ್ತೇನಲ್ಲ, ಆ ಒಂದೊಂದು ಗಂಟೆಗೂ ಕಂಪನಿ ಆ ಸಂಸ್ಥೆಗೆ ಹಣ ಕೊಡುತ್ತದೆ. ಮೊದಲ ಸಲ ಇದನ್ನು ಕೇಳಿದಾಗ ನನಗೇ ನಂಬಿಕೆ ಬಂದಿರಲಿಲ್ಲ. ನಿಮ್ಮ ಮಗ ನಿಂತು ಮಾಡಿದ ಕೆಲಸಕ್ಕೆ ಅವನಿಗಲ್ಲದೆ ಹಸಿದವರಿಗೆ ಕೂಲಿ ಸಲ್ಲುತ್ತದೆ ಎಂಬುದು ನನಗೆ ಈಗಲೂ ದೊಡ್ಡ ಸಂಗತಿಯಾಗಿ ಕಾಣುತ್ತದೆ. ನೀವು ಕೇಳಿದ ಡಿಸೆಂಬರಿನ ದಾನವೂ ಅದೇ ಸಂಸ್ಥೆಗೆ ಕೊಟ್ಟದ್ದು, ಅದರಲ್ಲಿ ನನ್ನದು 300 ಡಾಲರ್ ಮಾತ್ರ. ಆಗಲೇ ನಿಮಗೆ ಹೇಳದಿದ್ದುದು ನನ್ನ ತಪ್ಪು.

ಕಂಪನಿಗೇನು ನಷ್ಟ, ಅದು ಹೇಗೂ ಯಾರಿಗಾದರೂ ಕೊಡುವ ಹಣವೇ ಅಲ್ಲವೇ ಎಂದು ಕೇಳಿದ್ದೀರಿ. ನಾನಿರುವ ಈ ರಾಜ್ಯದಲ್ಲಿಯೇ ಕಂಪನಿಯ ಹಣ ಯಾರದ್ದೆಂಬ ಪ್ರಶ್ನೆ ಕೋರ್ಟಿನವರೆಗೂ ಹೋಗಿತ್ತು. ಎ. ಪಿ. ಸ್ಮಿತ್ ಎಂಬ ಕಂಪನಿ 1951ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ 1,500 ಡಾಲರ್ ಕೊಡಲು ಹೊರಟಾಗ, ನಮ್ಮ ಲಾಭದ ಹಣವನ್ನು ಹೀಗೆ ಹಂಚಲು ಆಡಳಿತ ಮಂಡಳಿಗೆ ಅಧಿಕಾರವಿಲ್ಲ ಎಂದು ಷೇರುದಾರರು ತಕರಾರು ತೆಗೆದರು. 1953ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು ಆ ದಾನವನ್ನು ಎತ್ತಿಹಿಡಿಯಿತು. ಅದು ಸಮಾಜದ ಹಿತಕ್ಕಾಗಿ ಕೊಟ್ಟದ್ದು, ಯಾರದೋ ಖಾಸಗಿ ಲಾಭಕ್ಕಲ್ಲ ಎಂಬುದು ಆ ತೀರ್ಪಿನಲ್ಲಿ ಮುಖ್ಯವಾದ ಅಂಶವಾಗಿತ್ತು. ಮರುವರ್ಷ, 1954ರಲ್ಲಿ, ಜನರಲ್ ಎಲೆಕ್ಟ್ರಿಕ್‌ನವರು ತಮ್ಮ ನೌಕರರು ತಾವು ಓದಿದ ಕಾಲೇಜುಗಳಿಗೆ ಕೊಟ್ಟಷ್ಟನ್ನೇ ತಾವೂ ಸೇರಿಸಿ ಕೊಡತೊಡಗಿದರು, ಮ್ಯಾಚಿಂಗ್ ಶುರುವಾದದ್ದು ಅಲ್ಲಿಂದ. ಕಂಪನಿ ನನ್ನ ಮಾತನ್ನು ನಂಬಿ ಷೇರುದಾರರ ಹಣ ಬಿಚ್ಚುತ್ತದೆ. ಆ ಹಣ ನಮ್ಮ ಮನೆಗೇ ಬಂದರೆ ಅದನ್ನು ದಾನವೆನ್ನುವ ಹಾಗಿಲ್ಲ.

ಚಿಕ್ಕಪ್ಪನೂ ರೋಗಿಯೇ, ಆಸ್ಪತ್ರೆಯೂ ಧರ್ಮದ್ದೇ, ನಡುವೆ ತಪ್ಪೇನಿದೆ ಎಂದು ನಿಮಗೆ ಅನ್ನಿಸಬಹುದು. ಟ್ರಸ್ಟು ತಾನೇ ಬಡವನೆಂದು ಗುರುತಿಸಿ ಚಿಕ್ಕಪ್ಪನಿಗೆ ನೆರವು ಕೊಟ್ಟರೆ ಖಂಡಿತ ತಪ್ಪಿಲ್ಲ. ಇಂಥವರ ಬಿಲ್ಲಿಗೇ ಎಂದು ಹೆಸರು ಹಿಡಿದು ಕೊಟ್ಟದ್ದು ಮಾತ್ರ ದಾನದ ಲೆಕ್ಕಕ್ಕೆ ಬಾರದು. ಇಲ್ಲಿ 250 ಡಾಲರ್ ಅಥವಾ ಅದಕ್ಕೆ ಮೇಲ್ಪಟ್ಟ ದಾನಕ್ಕೆ ತೆರಿಗೆ ವಿನಾಯಿತಿ ಕೇಳುವುದಾದರೆ, ಕೊಟ್ಟವನು ಪ್ರತಿಯಾಗಿ ಏನನ್ನಾದರೂ ಪಡೆದನೇ ಇಲ್ಲವೇ ಎಂಬುದು ರಸೀದಿಯಲ್ಲಿಯೇ ಇರಬೇಕು. ಕಂಪನಿಯ ಅರ್ಜಿಯಲ್ಲಿಯೂ ಈ ಹಣ ನನ್ನದೇ, ಇದರಿಂದ ನನಗಾಗಲಿ ನನ್ನ ಕುಟುಂಬಕ್ಕಾಗಲಿ ಪ್ರಯೋಜನವಿಲ್ಲ ಎಂದು ನಾನು ಒಪ್ಪಿಕೊಳ್ಳಬೇಕು. ನಮ್ಮ ವಿಭಾಗದಲ್ಲಿಯೇ ಒಬ್ಬರು ನೆಂಟರಿಷ್ಟರಿಂದ ಹಣ ಕೂಡಿಸಿ, ಅದನ್ನು ತಮ್ಮದೇ ದಾನವೆಂದು ಸಂಸ್ಥೆಯೊಂದಕ್ಕೆ ಕಟ್ಟಿ, ಕಂಪನಿಯಿಂದ ಅಷ್ಟನ್ನೇ ಕೊಡಿಸಿದ್ದರು. ಒಳ್ಳೆಯ ಉದ್ದೇಶವೇ ಇತ್ತು. ಆದರೂ ಕೆಲಸ ಹೋಯಿತು, ಕೆಲಸದ ಜೊತೆಗೆ ವೀಸಾ ಕೂಡ.

ಆ ಟ್ರಸ್ಟಿಗೂ ತೊಂದರೆ ತಪ್ಪಿದ್ದಲ್ಲ. ನಾನು ಇನ್ನೂ ಭಾರತದ ಪಾಸ್‌ಪೋರ್ಟಿನವನಾದ್ದರಿಂದ, ನನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ನಾನೇ ಕಳಿಸುವುದನ್ನು ನಮ್ಮ ಸರ್ಕಾರ ವಿದೇಶಿ ದೇಣಿಗೆಯೆಂದು ಎಣಿಸುವುದಿಲ್ಲ, ಕಂಪನಿ ಸೇರಿಸುವ ಪಾಲನ್ನು ಎಣಿಸುತ್ತದೆ. ಅದನ್ನು ಪಡೆಯಲು 2010ರ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಬೇಕು. 2020ರ ತಿದ್ದುಪಡಿಯ ಮೇಲೆ ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೇ ಬಂದು ಇಳಿಯಬೇಕು. ಗುಮಾಸ್ತರು ಬಾಯಿಮಾತಿನಲ್ಲಿ ಒಪ್ಪಿದರೆ ಮುಗಿಯುವ ವಿಷಯ ಇದಲ್ಲ. ಅವರನ್ನು ಮತ್ತೆ ಈ ಬಗ್ಗೆ ಕೇಳದಿರುವಂತೆ ಚಿಕ್ಕಮ್ಮನ ತಮ್ಮನಿಗೆ ಹೇಳಿ.

ಈಗ ಹಣದ ಮಾತು. ದಾನಕ್ಕೆಂದು ನೀವು ಹೇಳಿದ 5,000 ಡಾಲರನ್ನು ಸುತ್ತು ದಾರಿಯಿಲ್ಲದೆ ನಿಮ್ಮ ಖಾತೆಗೇ ಈ ದಿನ ಹಾಕಿದ್ದೇನೆ. ಕಂಪನಿ ಸೇರಿಸಬೇಕಿದ್ದ ಇನ್ನೊಂದು 5,000ವನ್ನೂ ನಾನೇ ಆಪರೇಷನ್ನಿಗೆ ಮುಂಚೆ ಎರಡು ಕಂತಿನಲ್ಲಿ ಹಾಕುತ್ತೇನೆ. ಕಾರು ಬದಲಾಯಿಸಲು ಇಟ್ಟಿದ್ದ ಹಣವಿದೆ, ಹಳೆಯ ಕಾರು ಚೆನ್ನಾಗಿಯೇ ಓಡುತ್ತಿದೆ, ವೀಣಾಳೂ ತಾನಾಗಿಯೇ ಒಪ್ಪಿದ್ದಾಳೆ. ಯಾರ ಹತ್ತಿರವೂ ಸಾಲ ಮಾಡಿಲ್ಲ, ಮಾಡುವುದೂ ಇಲ್ಲ. ನನ್ನ ಕೆಲಸ ಭದ್ರವಾಗಿದೆ, ಆರೋಗ್ಯ ಚೆನ್ನಾಗಿದೆ, ನಮಗೆ ಯಾವುದಕ್ಕೂ ಕೊರತೆಯಿಲ್ಲ, ನೀವು ಕಿಂಚಿತ್ತೂ ಚಿಂತೆ ಮಾಡಬೇಡಿ. ಅಮ್ಮನ ಬಳೆಗಳನ್ನು ಅಡ ಇಡುವ ಮಾತು ಮಾತ್ರ ಯಾರೂ ಎತ್ತಕೂಡದು. ಚಿಕ್ಕಪ್ಪನಿಗೆ ಇದರಲ್ಲಿ ಯಾವುದನ್ನೂ ತಿಳಿಸಬೇಡಿ, ಎಲ್ಲ ಹಣವೂ ಸಿದ್ಧವಿದೆ ಎಂದಷ್ಟೇ ಹೇಳಿ. ಅವರು ನನಗೆ ಫೀಸು ಕಟ್ಟುವಾಗ ಎಲ್ಲಿಂದ ತಂದರೆಂದು ನಮಗೆ ಎಂದೂ ಹೇಳಿದವರಲ್ಲ.

ಆಸ್ಪತ್ರೆಯವರು ಕೊಟ್ಟ ಅಂದಾಜು ಪಟ್ಟಿಯ ಫೋಟೋ ಇವತ್ತೇ ಕಳಿಸಿ. ಬಿಲ್ಲು ಕಟ್ಟಿದ ರಸೀದಿಗಳನ್ನು ಜೋಪಾನ ಮಾಡಿ. ಆಫೀಸಿಗೆ ಹೊತ್ತಾಯಿತು, ರೈಲು ತಪ್ಪುತ್ತದೆ. ಉಳಿದದ್ದು ಭಾನುವಾರ ಫೋನಿನಲ್ಲಿ.

ಇತಿ ನಿಮ್ಮ ಆಶೀರ್ವಾದ ಬೇಡುವ ಮಗ,
ಶ್ರೀಧರ