ಗೇಮ್ ವಿಮರ್ಶೆಯಲ್ಲಿ ಗಡಿಯಾರದ ಮಾತೂ ಬರಲಿ

ಮಾನ್ಯರೇ,

ವಿಡಿಯೊ ಗೇಮ್‌ಗಳ ವಿಮರ್ಶೆ ಕನ್ನಡ ಪತ್ರಿಕೆಗಳಲ್ಲೂ ಬರುತ್ತಿರುವುದು ಸಂತೋಷ. ಆದರೆ ಗ್ರಾಫಿಕ್ಸ್, ಕಥೆ, ಬೆಲೆ ಇಷ್ಟಕ್ಕೇ ಮಾತು ಮುಗಿದುಹೋಗುತ್ತದೆ. ಫ್ಯಾಂಟಸಿ ರೋಲ್‌ಪ್ಲೇಯಿಂಗ್ (ಕಲ್ಪನಾಲೋಕದಲ್ಲಿ ನಾವೇ ಒಂದು ಪಾತ್ರವಾಗಿ ಆಡುವ) ಆಟದಲ್ಲಿ ಮೈಮರೆಯಬೇಕಾದರೆ ಅಲ್ಲಿ ಹೊತ್ತು ಸರಿಯುವ ರೀತಿ ನಂಬುವಂತಿರಬೇಕು. ಅದರ ಬಗ್ಗೆ ಯಾರೂ ಬರೆಯುವುದಿಲ್ಲ.

‘ಸ್ಕೈರಿಮ್’ (2011) ನೋಡಿ. ಅದರ ಟೈಮ್‌ಸ್ಕೇಲ್ 20. ಅಂದರೆ ನಮ್ಮ ಒಂದು ನಿಮಿಷಕ್ಕೆ ಅಲ್ಲಿ 20 ನಿಮಿಷ. ಇಡೀ ದಿನ 72 ನಿಮಿಷದಲ್ಲಿ ಮುಗಿಯುತ್ತದೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗಿನ ಅಂಗಡಿ ನಮ್ಮ ಲೆಕ್ಕದಲ್ಲಿ ತೆರೆದಿರುವುದು 36 ನಿಮಿಷ. ಅಂಗಡಿಯವನ ಜೊತೆ ಮೂರು ನಿಮಿಷ ಮಾತಾಡಿದರೆ ಒಂದು ಗಂಟೆ ಹೋಯಿತು. ಅದೇ ಚೀಲದಿಂದ ಪುಸ್ತಕ ತೆಗೆದು ಕೊನೆಯ ಪುಟದವರೆಗೂ ಓದಿ, ಒಂದು ಸೆಕೆಂಡೂ ಸರಿಯುವುದಿಲ್ಲ. ಈ ಏರುಪೇರು ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದು ಕಷ್ಟ.

ಪಿಸಿಯಲ್ಲಿ ಇದಕ್ಕೆ ದಾರಿಯಿದೆ. ಮೊದಲು ಬೇರೆ ಸೇವ್ ಮಾಡಿಟ್ಟುಕೊಳ್ಳಿ. ಎಸ್ಕೇಪ್ ಕೀಯ ಕೆಳಗಿನ ಕೀ ಒತ್ತಿ ಕನ್ಸೋಲ್ (ಆಟಕ್ಕೆ ಆಜ್ಞೆ ಟೈಪ್ ಮಾಡುವ ಜಾಗ) ತೆರೆದು ‘ಸೆಟ್ ಟೈಮ್‌ಸ್ಕೇಲ್ ಟು 10’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ದಿನ 144 ನಿಮಿಷಕ್ಕೆ ಹಿಗ್ಗುತ್ತದೆ. ‘ನಿಜವಾದ ಸಮಯ ಬೇಕು’ ಎಂದು 1ಕ್ಕೆ ಇಳಿಸುವವರಿದ್ದಾರೆ, ಅದು ತಪ್ಪು. ನಮ್ಮ ಮಾಲು ಕೊಂಡು ಬರಿದಾದ ವ್ಯಾಪಾರಿಯ ಗಲ್ಲಾಪೆಟ್ಟಿಗೆ ಮತ್ತೆ ತುಂಬಲು ಆಟದ 48 ಗಂಟೆ ಬೇಕು. 20ರಲ್ಲಿ ಅದು 2 ಗಂಟೆ 24 ನಿಮಿಷ, 10ರಲ್ಲಿ 4 ಗಂಟೆ 48 ನಿಮಿಷ, 1ರಲ್ಲಿ ಪೂರಾ ಎರಡು ದಿನ! ಕೊನೆಗೆ ಬೇಸತ್ತು ‘ವೇಟ್’ ಒತ್ತಿ ಹೊತ್ತು ಹಾರಿಸುತ್ತಾರೆ. ಮೈಮರೆವು ಮುರಿಯುವುದೇ ಅಲ್ಲಿ. ಅದರ ಬದಲು 10 ನಾಣ್ಯ ಕೊಟ್ಟು ಛತ್ರದಲ್ಲಿ ಮಲಗುವುದು ಮೇಲು; ರಾತ್ರಿ ಕಳೆದದ್ದಕ್ಕೆ ಒಂದು ಕಾರಣವಿರುತ್ತದೆ, ಎದ್ದ ಮೇಲೆ ಆಟದ 8 ಗಂಟೆ ಕಾಲ ಕೌಶಲಗಳೂ ಶೇ 10ರಷ್ಟು ಬೇಗ ಬೆಳೆಯುತ್ತವೆ.

ಆದರೆ ಸಂಖ್ಯೆ ಬದಲಿಸಿ ಸರಿಪಡಿಸಲಾಗದ ದೋಷ ಒಂದಿದೆ. ಡ್ರ್ಯಾಗನ್ ಲೋಕವನ್ನೇ ನುಂಗಲು ಬಂದಿದೆ ಎನ್ನುತ್ತಾರೆ. ನೀವು ಒಂದು ವರ್ಷ ಹೂ ಕೀಳುತ್ತಾ ತಿರುಗಿದರೂ ಅದು ಕಾದೇ ಇರುತ್ತದೆ. ‘ಬಾಲ್ಡರ್ಸ್ ಗೇಟ್ 3’ರಲ್ಲಿ (2023) ಗಡಿಯಾರವೇ ಇಲ್ಲ. ಆದರೂ ಬೆಂಕಿ ಬಿದ್ದ ಛತ್ರವನ್ನು ಕಂಡೂ ಶಿಬಿರಕ್ಕೆ ಹೋಗಿ ಮಲಗಿದರೆ ಒಳಗೆ ಸಿಕ್ಕಿಕೊಂಡವರು ಉಳಿಯುವುದಿಲ್ಲ. ಹೊತ್ತಿನ ಭಾರ ಆ ಒಂದು ತಪ್ಪಿನಲ್ಲೇ ಎದೆಗೆ ತಟ್ಟುತ್ತದೆ. ಇದನ್ನು ಬಹು ಹಿಂದೆಯೇ ಸಾಧಿಸಿದ್ದು, ಅಪ್ಪಟ ರೋಲ್‌ಪ್ಲೇಯಿಂಗ್ ಅಲ್ಲದಿದ್ದರೂ, ‘ಮಜೋರಾಸ್ ಮಾಸ್ಕ್’ (2000). ಮೂರು ದಿನ ಕಳೆದರೆ ಚಂದ್ರ ಊರಿನ ಮೇಲೆ ಬೀಳುತ್ತಾನೆ. ನಮ್ಮ ಲೆಕ್ಕದಲ್ಲಿ ಸುಮಾರು 54 ನಿಮಿಷ. ಮೊದಲ ರಾತ್ರಿ 12ಕ್ಕೆ ಬಾಂಬ್ ಅಂಗಡಿಯ ಅಜ್ಜಿಯ ಚೀಲ ಕಳ್ಳನ ಪಾಲಾಗುತ್ತದೆ. ನೀವು ತಡೆದರೆ ಅದು ಅಜ್ಜಿಯ ಅಂಗಡಿಯಲ್ಲೇ ಮಾರಾಟಕ್ಕಿರುತ್ತದೆ. ತಡೆಯದಿದ್ದರೆ ಕೊನೆಯ ರಾತ್ರಿ ಕದ್ದ ಮಾಲು ಮಾರುವವನ ಬಳಿ.

ಮುಂದಿನ ವಿಮರ್ಶೆಗಳಲ್ಲಿ ಆಟದ ಒಂದು ದಿನ ಎಷ್ಟು ನಿಮಿಷ, ಮಾತಿನ ನಡುವೆ ಗಡಿಯಾರ ಓಡುತ್ತದೆಯೇ, ತಡಮಾಡಿದರೆ ಕ್ವೆಸ್ಟ್ (ಆಟ ಒಪ್ಪಿಸುವ ಕೆಲಸ) ಕೈತಪ್ಪುತ್ತದೆಯೇ ಎಂಬುದನ್ನೂ ದಯವಿಟ್ಟು ಬರೆಸಿ. ಎರಡು ಸಾಲು ಸಾಕು.

– ಓದುಗರು, ಮೈಸೂರು