ಭಾನುವಾರ ಪದ್ಮಿನಿಗೆ ಹೊಸ ಕ್ಯಾಮ್‌ಶಾಫ್ಟ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 9ಕ್ಕೆ ಹಾಸನದ ಬಿ.ಎಂ. ರಸ್ತೆಯ ನಮ್ಮ ಮಾಮೂಲಿ ಗ್ಯಾರೇಜಿನಲ್ಲಿ ಪದ್ಮಿನಿ ಕಾರಿನ ಕ್ಯಾಮ್‌ಶಾಫ್ಟ್ (ಎಂಜಿನ್ ವಾಲ್ವ್‌ಗಳನ್ನು ತೆರೆಯಿಸುವ ಶಾಫ್ಟ್) ಬದಲಾಯಿಸುತ್ತೇವೆ. ಹಳೆಯದರ ಲೋಬ್‌ಗಳು, ಅಂದರೆ ಅದರ ಮೇಲಿನ ಉಬ್ಬುಗಳು, ಸವೆದಿವೆ. ಟ್ಯಾಪೆಟ್ (ಲೋಬ್‌ಗೆ ತಾಗಿಕೊಂಡು ಅದರ ಚಲನೆಯನ್ನು ವಾಲ್ವ್ ಕಡೆಗೆ ದಾಟಿಸುವ ಭಾಗ) ಗ್ಯಾಪ್ ಎಷ್ಟು ಸೆಟ್ ಮಾಡಿದರೂ ಟಕಟಕ ಸದ್ದು ನಿಲ್ಲುತ್ತಿಲ್ಲ, ಏರಿನಲ್ಲಿ ಗಾಡಿ ಎಳೆಯುವುದೇ ಇಲ್ಲ.

ಪದ್ಮಿನಿ, ಅಂಬಾಸಡರ್ ಇರುವವರು ದಯವಿಟ್ಟು ಗಮನಿಸಿ. ಕ್ಯಾಮ್ ಹೊಸದಾದರೆ ಟ್ಯಾಪೆಟ್‌ಗಳೂ ಹೊಸವೇ ಆಗಬೇಕು. ಹಳೆಯವು ಹಳೆಯ ಲೋಬ್‌ಗೆ ತಕ್ಕಂತೆ ಸವೆದಿರುತ್ತವೆ. ದುಡ್ಡು ಉಳಿಸಲು ಅವನ್ನೇ ಹಾಕಿದರೆ ಹೊಸ ಕ್ಯಾಮೂ ಬೇಗ ಹಾಳಾಗುತ್ತದೆ, ಅಲ್ವಾ? ಪುಶ್‌ರಾಡ್ (ಟ್ಯಾಪೆಟ್ ಮೇಲಿನ ಕಡ್ಡಿ) ಬಗ್ಗಿದೆಯಾ, ರಾಕರ್ (ವಾಲ್ವ್ ಒತ್ತುವ ತೋಳು) ತುದಿ ಗುಳಿ ಬಿದ್ದಿದೆಯಾ, ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಸಡಿಲವಾಗಿದೆಯಾ ಅಂತಲೂ ಅವತ್ತೇ ನೋಡಿಬಿಡೋಣ.

ಲೋಬ್‌ಗೆ ಅಸೆಂಬ್ಲಿ ಲ್ಯೂಬ್ (ಜೋಡಿಸುವಾಗ ಹಚ್ಚುವ ಜಿಡ್ಡು) ಸವರಲೇಬೇಕು. ಎಂಜಿನ್ ಸ್ಟಾರ್ಟ್ ಆದ ಕೂಡಲೇ ಐಡಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಬಿಡುವಂತಿಲ್ಲ. ಸುಮಾರು 20 ನಿಮಿಷ 2000 ಆರ್‌ಪಿಎಂ ಆಸುಪಾಸಿನಲ್ಲಿ ಓಡಬೇಕು, ಆಗಲೇ ಲೋಬ್‌ಗಳಿಗೆ ಚೆನ್ನಾಗಿ ಆಯಿಲ್ ಚಿಮ್ಮುವುದು. ಈ ಹಂತದಲ್ಲಿ ಅವಸರ ಬೇಡ. ಆಮೇಲೆ ಆಯಿಲ್ ಬದಲಿಸಿ ಟ್ಯಾಪೆಟ್ ಮತ್ತೆ ಸೆಟ್ ಮಾಡುತ್ತೇವೆ.

ಫೀಲರ್ ಗೇಜ್ (ಗ್ಯಾಪ್ ಅಳೆಯುವ ಪಟ್ಟಿ), ಪುಲ್ಲರ್ (ಬಿಗಿಯಾದ ಭಾಗ ಎಳೆದು ಕಳಚುವ ಸಾಧನ) ಇದ್ದವರು ತನ್ನಿ. ಚಿಕ್ಕಮಗಳೂರಿನವರು ಒಂದೇ ಕಾರಿನಲ್ಲಿ ಬನ್ನಿ, ಗ್ಯಾರೇಜಿನಲ್ಲಿ ಜಾಗ ಕಡಿಮೆ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ, ಊಟಕ್ಕೆ ಹೇಳಬೇಕು.